ಕಿವಿಯಿಂದ ಹುಡುಕುವ ನಿಧಿ

1881ನೆಯ ಇಸವಿಯ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡರು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಗುಂಡೇಟಿಗೆ ಗುರಿಯಾದರು. ಒಂದು ಗುಂಡು ದೇಹದೊಳಗೇ ಉಳಿಯಿತು. ಎಕ್ಸ್‌ರೇ ಇನ್ನೂ ಹುಟ್ಟದಿದ್ದ ಕಾಲ. ಅದು ಎಲ್ಲಿ ಅಡಗಿದೆಯೆಂದು ವೈದ್ಯರಿಗೆ ತಿಳಿಯದು. ಆಗ ನೆರವಿಗೆ ಬಂದವರು ಟೆಲಿಫೋನಿನ ಜನಕ ಅಲೆಕ್ಸಾಂಡರ್ ಗ್ರಹಾಂ ಬೆಲ್. ತಂತಿಯ ಸುರುಳಿಗಳನ್ನು ರೋಗಿಯ ಮೈಮೇಲೆ ಸರಿಸುವುದು, ಟೆಲಿಫೋನಿನ ರಿಸೀವರನ್ನು ಕಿವಿಗೆ ಒತ್ತಿಕೊಂಡು ಆಲಿಸುವುದು—ಇದು ಅವರ ಉಪಾಯ. ಸುರುಳಿಯ ಬಳಿಗೆ ಲೋಹ ಬಂದರೆ ಕಿವಿಯಲ್ಲಿ ಸದ್ದಾಗಬೇಕು. ಸದ್ದೇನೋ ಆಯಿತು, ಆದರೆ ಎಲ್ಲಿ ಸರಿಸಿದರೂ ಆಯಿತು! ಹಾಸಿಗೆಯ ಕೆಳಗೆ ಉಕ್ಕಿನ ಸ್ಪ್ರಿಂಗುಗಳಿದ್ದವೆಂಬುದು ಬೆಲ್ಲರಿಗೆ ತಿಳಿದದ್ದು ಅನಂತರ. ಸಾಲದುದಕ್ಕೆ, ಮುಖ್ಯ ವೈದ್ಯರು ಹುಡುಕಗೊಟ್ಟದ್ದು ಬಲಮಗ್ಗುಲನ್ನು; ಗುಂಡು ಇದ್ದದ್ದು ಎಡಕ್ಕೆ. ಸೆಪ್ಟೆಂಬರ್ 19ರಂದು ಗಾರ್ಫೀಲ್ಡರು ತೀರಿಕೊಂಡರು.

ಲೋಹಶೋಧನೆ ಹೀಗೆ ಮೊದಲಿನಿಂದಲೂ ಕಿವಿಯ ವಿದ್ಯೆ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೈನ್ಯಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ ನೆಲದೊಳಗಿನ ಸಿಡಿಗುಂಡುಗಳನ್ನು ಪತ್ತೆಮಾಡುವ ಯಂತ್ರವನ್ನು ರೂಪಿಸಿದರು. 1942ರಲ್ಲಿ ಈಜಿಪ್ಟಿನ ಎಲ್ ಅಲಮೇನ್ ರಣಭೂಮಿಯಲ್ಲಿ ಸೈನಿಕರು ಹೆಡ್‌ಫೋನ್ ತೊಟ್ಟು, ಮರಳಿನ ಮೇಲೆ ಸುರುಳಿಯನ್ನಾಡಿಸುತ್ತ ದಾರಿ ಬಿಡಿಸಿದರು. ಅಲ್ಲಿ ಒಂದು ಕ್ಷೀಣವಾದ ಸದ್ದನ್ನು ಕಿವಿ ತಪ್ಪಿಸಿಕೊಂಡರೆ ಪ್ರಾಣಕ್ಕೇ ಸಂಚಕಾರ.

ಇಂದು ಇಂಗ್ಲೆಂಡಿನಲ್ಲಿ ಅದೇ ಬಗೆಯ ಯಂತ್ರವನ್ನು ಹಿಡಿದು, ಹೊಲದೊಡೆಯನ ಅಪ್ಪಣೆ ಪಡೆದು, ರಜಾದಿನಗಳಲ್ಲಿ ಉತ್ತ ಹೊಲಗಳನ್ನು ಅಳೆಯುವ ಹವ್ಯಾಸಿಗಳು ಬಹುಮಂದಿ. ಯಂತ್ರದ ತತ್ತ್ವ ಸರಳ. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಸುತ್ತಲೂ ಸತತವಾಗಿ ಬದಲಾಗುವ ಕಾಂತಕ್ಷೇತ್ರವನ್ನು ಹಬ್ಬಿಸುತ್ತದೆ. ಅದು ಮಣ್ಣೊಳಗಿನ ನಾಣ್ಯವನ್ನು ಮುಟ್ಟಿದಾಗ ನಾಣ್ಯದಲ್ಲಿಯೂ ವಿದ್ಯುತ್ ಸುಳಿಗಳೆದ್ದು, ಅವುಗಳದೇ ಒಂದು ಪುಟ್ಟ ಕಾಂತಕ್ಷೇತ್ರ ಹುಟ್ಟುತ್ತದೆ. ಯಂತ್ರ ಅದನ್ನು ಗ್ರಹಿಸಿ ಸದ್ದಾಗಿ ಮಾರ್ಪಡಿಸುತ್ತದೆ. ಸಾಮಾನ್ಯವಾಗಿ ಕಬ್ಬಿಣಕ್ಕೆ ಗೊರಗೊರ ಮಂದ್ರಧ್ವನಿ, ಬೆಳ್ಳಿ ತಾಮ್ರಗಳಿಗೆ ಕಿಣಿಕಿಣಿ ತಾರಧ್ವನಿ. ನಡುವಿನ ಸ್ವರಗಳಲ್ಲೇ ಮೋಸ. ಚಿಕ್ಕ ಚಿನ್ನದ ನಾಣ್ಯವೂ ಯಾರೋ ಕುಡಿದೆಸೆದ ಪಾನೀಯದ ಡಬ್ಬಿಯ ಮುಚ್ಚಳವೂ ಒಂದೇ ರಾಗ ಹಾಡಬಲ್ಲವು. ನುರಿತವನು ಒಮ್ಮೆ ಕೇಳಿ ಅಗೆಯುವುದಿಲ್ಲ. ಅತ್ತಿಂದಿತ್ತ, ಇತ್ತಿಂದತ್ತ, ದಿಕ್ಕು ಬದಲಿಸಿ ಮತ್ತೆ ಬೀಸಿ ನೋಡುತ್ತಾನೆ. ನಾಣ್ಯವಾದರೆ ಬಹುಮಟ್ಟಿಗೆ ಅದೇ ಸ್ವರ ಮರಳಿ ಬರುತ್ತದೆ. ಮೊಳೆಯಾದರೆ ಸ್ವರ ಒಡೆಯುತ್ತದೆ.

ಆಳ ಹೆಚ್ಚಿದಂತೆ ಈ ಸದ್ದು ಬಹು ಬೇಗ ಕುಗ್ಗುತ್ತದೆ. ಒಂದು ಗೇಣು ಕೆಳಗಿರುವ ಪುಟ್ಟ ನಾಣ್ಯದಿಂದ ಬರುವುದು ಬರಿಯ ಪಿಸುಮಾತು. ಯಂತ್ರದ ಸ್ಪೀಕರಿನಿಂದ ಅದು ಹೊರಟರೂ ಗಾಳಿಯ ಮೊರೆತಕ್ಕೋ ಕಡಲ ಅಬ್ಬರಕ್ಕೋ ಆಹುತಿಯಾಗುತ್ತದೆ. ಕಿವಿಯನ್ನು ಪೂರ್ತಿ ಮುಚ್ಚುವ ಒಳ್ಳೆಯ ಹೆಡ್‌ಫೋನು ಬೇಕಾಗುವುದು ಇದಕ್ಕಾಗಿ. ಸಂಗೀತಕ್ಕೆ ಒಪ್ಪುವುದು ಇಲ್ಲಿ ಒಪ್ಪಬೇಕೆಂದಿಲ್ಲ. ಇಲ್ಲಿ ಬೇಕಾದದ್ದು ಮಾಧುರ್ಯವಲ್ಲ, ಕ್ಷೀಣಸ್ವರದ ಸ್ಪಷ್ಟತೆ. ಮೇಲ್ಮಣ್ಣಿನಲ್ಲೇ ಬಿದ್ದ ತಗಡಿನ ಚೂರು ಒಮ್ಮೆಲೇ ಕಿರುಚಿ ಕಿವಿಯನ್ನು ಗಾಸಿಗೊಳಿಸಬಹುದಾದುದರಿಂದ ಸದ್ದಿಗೆ ಮಿತಿ ಹಾಕುವ ತಿರುಪೂ ಇರಬೇಕು. ತಂತಿಯಿಲ್ಲದ ಸಾಮಾನ್ಯ ಬ್ಲೂಟೂತ್ ಹೆಡ್‌ಫೋನುಗಳಲ್ಲಿ ಇನ್ನೊಂದು ತೊಡಕು: ಸದ್ದು ತುಸು ತಡವಾಗಿ ಕಿವಿ ಸೇರುತ್ತದೆ. ಸೆಕೆಂಡಿಗೆ ಒಂದು ಮೀಟರಿನಂತೆ ಸುರುಳಿ ಬೀಸುತ್ತಿದ್ದರೆ, ಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾದರೂ ಅದು ನಾಣ್ಯವನ್ನು ದಾಟಿ 10 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ! ಇನ್ನು ಕಿವಿ ಪೂರ್ತಿ ಮುಚ್ಚಿಕೊಂಡವನಿಗೆ ಬೆನ್ನ ಹಿಂದೆ ಹೂಂಕರಿಸುವ ಹೋರಿಯ ಸದ್ದೂ ಕೇಳಿಸದೆಂಬುದನ್ನು ಹವ್ಯಾಸಿಗಳು ಮರೆಯದಿರುವುದು ಕ್ಷೇಮ.

ಕೇಳಿಸಿದ ಬಳಿಕ ಮಾಡುವುದೇನು? ನಿಜವಾದ ಪರೀಕ್ಷೆ ಅಲ್ಲಿದೆ. 2010ರ ಏಪ್ರಿಲಿನಲ್ಲಿ ಸಾಮರ್ಸೆಟ್ ಪ್ರಾಂತದ ಫ್ರೋಮ್ ಪಟ್ಟಣದ ಬಳಿಯ ಹೊಲವೊಂದರಲ್ಲಿ ಡೇವ್ ಕ್ರಿಸ್ಪ್ ಎಂಬವರಿಗೆ ವಿಚಿತ್ರವಾದೊಂದು ಸದ್ದು ಸಿಕ್ಕಿತು. ಅವರು ವೃತ್ತಿಯಿಂದ ಆಸ್ಪತ್ರೆಯೊಂದರ ಬಾಣಸಿಗರು. ಅಗೆದಾಗ ಉಗುರಿನಷ್ಟು ಪುಟ್ಟ ರೋಮನ್ ನಾಣ್ಯ ಬಂತು, ಮತ್ತೊಂದು, ಮಗುದೊಂದು. ಇಪ್ಪತ್ತೊಂದು ಕೈಗೆ ಬರುವಷ್ಟರಲ್ಲಿ ಮಡಕೆಯ ಬಾಯಿ ಕಾಣಿಸಿತು. ಆ ಗಳಿಗೆಯಲ್ಲಿ ಯಾರ ಕೈಯಾದರೂ ಮುಂದುವರಿಯಬೇಕೆಂದು ತುಡಿಯದಿರದು. ಕ್ರಿಸ್ಪ್ ಅಗೆತವನ್ನು ಅಲ್ಲಿಗೇ ನಿಲ್ಲಿಸಿ, ಗುಂಡಿಯನ್ನು ಮುಚ್ಚಿ, ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರು.

ಅಲ್ಲಿ 1996ರ ನಿಧಿ ಕಾಯಿದೆಯ ಪ್ರಕಾರ ನಿಧಿ ಸಿಕ್ಕವರು 14 ದಿನಗಳೊಳಗೆ ತಿಳಿಸಲೇಬೇಕು. ವಸ್ತುಸಂಗ್ರಹಾಲಯ ಕೊಂಡರೆ ಬೆಲೆಯನ್ನು ಪಾರಿತೋಷಕವಾಗಿ ಪಡೆಯುವ ಅವಕಾಶವೂ ಉಂಟು. ನಮ್ಮ ದೇಶದ 1878ರ ಕಾಯಿದೆಯಂತೂ ಹತ್ತು ರೂಪಾಯಿ ಮೀರಿದ ನಿಧಿಯನ್ನೂ ಕಲೆಕ್ಟರರಿಗೆ ಬರೆದು ತಿಳಿಸಬೇಕೆನ್ನುತ್ತದೆ. ಕ್ರಿಸ್ಪ್ ಕಂಡುಹಿಡಿದ ನಿಧಿಗೆ 3,20,250 ಪೌಂಡು ಬೆಲೆ ಕಟ್ಟಲಾಯಿತು. ಆ ಹಣವನ್ನು ಅವರೂ ನೆಲದ ಒಡೆಯರೂ ಹಂಚಿಕೊಂಡರು.

ಪುರಾತತ್ತ್ವಜ್ಞರು ಮೂರು ದಿನ ಅಗೆದು ಪದರ ಪದರವಾಗಿ ನಾಣ್ಯಗಳನ್ನೆತ್ತಿದರು. ಒಟ್ಟು 52,503, ತೂಕ ಸುಮಾರು 160 ಕಿಲೋ. ಅಷ್ಟು ಭಾರ ಹೊತ್ತರೆ ಆ ತೆಳುಮಡಕೆ ಒಡೆದೇಹೋಗುತ್ತಿತ್ತು. ಆದುದರಿಂದ ಮೊದಲು ಮಡಕೆಯನ್ನು ಹೂತು ಆಮೇಲೆ ನಾಣ್ಯ ಸುರಿದಿರಬೇಕು. ಇನ್ನೊಂದು ಸೋಜಿಗ: ಅವುಗಳಲ್ಲಿ ರೋಮಿಗೆ ತಿರುಗಿಬಿದ್ದು 286ರಿಂದ 293ರವರೆಗೆ ಬ್ರಿಟನ್ನನ್ನಾಳಿದ ಕಾರಾಸಿಯಸನ ನಾಣ್ಯಗಳೂ ಇದ್ದವು. ವರ್ಷವರ್ಷವೂ ಕೂಡಿಟ್ಟ ಹಣವಾಗಿದ್ದರೆ ಈ ಹೊಸ ನಾಣ್ಯಗಳು ಮೇಲಿರಬೇಕಿತ್ತು. ಅವುಗಳಲ್ಲಿ ಬಹುಪಾಲು ದೊರೆತದ್ದು ಮಡಕೆಯ ಅರ್ಧಕ್ಕಿಂತ ಕೆಳಗೆ. ಎಲ್ಲವನ್ನೂ ಒಮ್ಮೆಲೇ ಸುರಿದಿರಬೇಕೆಂದು ವಿದ್ವಾಂಸರು ಊಹಿಸಿದರು. ಅದು ಭಯದಿಂದ ಬಚ್ಚಿಟ್ಟ ಹಣವಲ್ಲ, ದೇವತೆಗಳಿಗೆ ಊರವರು ಕೂಡಿ ಅರ್ಪಿಸಿದ ಕಾಣಿಕೆಯೇ ಇರಬಹುದೆಂಬ ವಾದವೂ ಹುಟ್ಟಿತು. ಆ ಸಂಜೆಯೇ ನಾಣ್ಯಗಳನ್ನೆಲ್ಲ ಚೀಲಕ್ಕೆ ತುಂಬಿಬಿಟ್ಟಿದ್ದರೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ.