ಬಿಡಾರದ ಮಂದಿ

ಶಿವಮೊಗ್ಗದಲ್ಲಿ ತೀರ್ಥಹಳ್ಳಿ ಬಸ್ಸು ಹತ್ತಿ ಗಾಜನೂರು ದಾಟಿದರೆ ಸಕ್ರೆಬೈಲು. ನಗರದಿಂದ 14 ಕಿ.ಮೀ. ಅಷ್ಟೇ. ತುಂಗೆಯ ಹಿನ್ನೀರು ರಸ್ತೆಯ ಪಕ್ಕಕ್ಕೇ ಬಂದು ನಿಂತ ಜಾಗ. ಮನೆಗೆ ನೆಂಟರು ಬಂದರೆ ಶಿವಮೊಗ್ಗ, ಭದ್ರಾವತಿಯವರು ಮಕ್ಕಳ ಸಮೇತ ಕರೆದುಕೊಂಡು ಹೋಗುವುದು ಇಲ್ಲಿನ ಆನೆ ಬಿಡಾರಕ್ಕೆ. ಬೆಳಗಿನ ಹೊತ್ತು ಮಾತ್ರ ಟಿಕೆಟ್ ಕೊಂಡು ಆನೆಗಳ ಸ್ನಾನ, ಊಟ ನೋಡಬಹುದು. ನಿಧಾನಕ್ಕೆ ತಿಂಡಿ ಮುಗಿಸಿ ಹನ್ನೆರಡಕ್ಕೆ ಬಂದವರಿಗೆ ಸಿಗುವುದು ಖಾಲಿ ದಂಡೆ, ಒಂದಿಷ್ಟು ಲದ್ದಿ.

ಆ ಹೊತ್ತಿಗೆ ಆನೆಗಳು ಕಾಡು ಸೇರಿರುತ್ತವೆ. ಬಿಡಾರಕ್ಕೆ ಅಂಟಿಕೊಂಡೇ ಶೆಟ್ಟಿಹಳ್ಳಿ ಅಭಯಾರಣ್ಯವಿದೆ. ಕಾಲಿಗೆ ಉದ್ದನೆಯ ಸರಪಳಿ ಕಟ್ಟಿ ಮೇಯಲು ಬಿಡುತ್ತಾರೆ. ರಾತ್ರಿಯೆಲ್ಲ ಅವು ಅಲ್ಲೇ. ಕಾಡಾನೆಗಳ ಸಹವಾಸವೂ ಆಗುತ್ತದೆ. ಬಿಡಾರದಲ್ಲಿ ಹುಟ್ಟಿದ ಮರಿಯ ಅಪ್ಪ ಯಾರೆಂದು ಕೇಳಿದರೆ ಕಾಡಿನ ಕಡೆ ಕೈ ತೋರಿಸಬೇಕಷ್ಟೆ! ಬೆಳಗಿನ ಜಾವ ಮಾವುತರು ಆನೆಗಳನ್ನು ಹುಡುಕಿಕೊಂಡು ಹೊರಡಬೇಕು. ನೆಲದ ಮೇಲೆ ಸರಪಳಿ ಎಳೆದ ಗೆರೆ, ಮುರಿದ ಬಿದಿರು, ಲದ್ದಿ ಬಿಸಿಯಿದೆಯೋ ಆರಿದೆಯೋ ಎಂಬುದು, ಇಷ್ಟೇ ಸುಳಿವು. ಹತ್ತಿರದಲ್ಲಿ ಕಾಡಾನೆ ಇದ್ದರೆ ಅದು ಸರಿಯುವವರೆಗೆ ಕಾಯಬೇಕು. ಪ್ರವಾಸಿಗಳು ಮೊಬೈಲ್ ತೆಗೆದು ನಿಲ್ಲುವಷ್ಟರಲ್ಲಿ ದಿನದ ಕಷ್ಟದ ಕೆಲಸ ಮುಗಿದೇ ಹೋಗಿರುತ್ತದೆ.

ಒಂದಾನೆಗೆ ಒಬ್ಬ ಮಾವುತ, ಒಬ್ಬ ಕಾವಾಡಿ. ಕತ್ತಿನ ಮೇಲೆ ಕೂತು, ಕಿವಿಯ ಹಿಂದೆ ಕಾಲಿನಿಂದ ಒತ್ತಿ ನಡೆಸುವವನು ಮಾವುತ. ಸೊಪ್ಪು ತರುವುದು, ಮೈ ತೊಳೆಯುವುದು, ಕುಸುರೆ ಕಟ್ಟುವುದು ಕಾವಾಡಿಯ ಪಾಲು. ಕುಸುರೆ ಎಂದರೆ ಹುಲ್ಲಿನೊಳಗೆ ಭತ್ತ, ಬೆಲ್ಲ ಇಟ್ಟು ಸುತ್ತಿದ ಕಟ್ಟು. ನೀರಿಗಿಳಿದ ಆನೆಗೆ ‘ಬೈಟ್’ ಎಂದರೆ ಕೂರುತ್ತದೆ, ಆಮೇಲೆ ಮಗ್ಗುಲಾಗುತ್ತದೆ. ಕಾವಾಡಿ ಕಿವಿಯ ಹಿಂಬದಿ, ಉಗುರಿನ ಸಂದು, ಸರಪಳಿ ತಾಗುವ ಜಾಗ ಒಂದೊಂದನ್ನೂ ಉಜ್ಜುತ್ತಾನೆ. ಗಾಯವಾಗಿದ್ದರೆ, ಹುಳು ಬಿದ್ದಿದ್ದರೆ ಕಣ್ಣಿಗೆ ಬೀಳುವುದು ಆಗಲೇ.

ಒಂದು ಕಾಲಕ್ಕೆ ಬಿಡಾರದ ಆನೆಗಳಿಗೆ ದಿಮ್ಮಿ ಎಳೆಯುವ ಕೆಲಸ. ಮರ ಕಡಿಯುವುದು ನಿಂತಿತು, ಆನೆಗಳು ಉಳಿದವು, ಅವುಗಳ ಜೊತೆ ಮಾವುತ, ಕಾವಾಡಿಗಳ ಕುಟುಂಬಗಳೂ ಉಳಿದವು. ಈಗ ಕೆಲಸ ಬೇರೆ. ಊರಿಗೆ ನುಗ್ಗುವ ಕಾಡಾನೆ ಹಿಡಿಯಲು ಜಿಲ್ಲೆ ಜಿಲ್ಲೆಗೆ ಹೋಗುತ್ತಾರೆ. ಹಿಡಿದದ್ದನ್ನು ದಪ್ಪ ಮರದ ದೊಡ್ಡಿಗೆ (ಕ್ರಾಲ್) ಹಾಕಿ ಪಳಗಿಸುತ್ತಾರೆ. ಇದು ಹುಡುಗಾಟವಲ್ಲ. 2023ರ ಏಪ್ರಿಲ್‌ನಲ್ಲಿ ನ್ಯಾಮತಿ ತಾಲ್ಲೂಕಿನ ಕಾರ್ಯಾಚರಣೆಯಲ್ಲಿ ಬಿಡಾರದ ವೈದ್ಯರೇ ಕಾಡಾನೆಯ ದಾಳಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡರು. ಇನ್ನು ಶಿವಮೊಗ್ಗ ದಸರಾ. ಅದರಲ್ಲಿ ಅಂಬಾರಿ ಹೊತ್ತ ಆನೆ ಸಾಗರನೂ ಇಲ್ಲಿಯವನೇ. ಅದೇ ವರ್ಷದ ದಸರೆಗೆ ನಗರಕ್ಕೆ ಬಂದಿದ್ದ ಬಿಡಾರದ ಹೆಣ್ಣಾನೆ ನೇತ್ರಾವತಿ, ಜಂಬೂಸವಾರಿಯ ಹಿಂದಿನ ರಾತ್ರಿ ಮರಿ ಹಾಕಿದಳು. ದಿನ ತುಂಬಿದ ಆನೆಯನ್ನು ಪೇಟೆಯ ಗದ್ದಲಕ್ಕೆ ಕರೆತರಬಾರದಿತ್ತು ಎಂದೇ ನನ್ನ ಅಭಿಪ್ರಾಯ.

ಬಿಡಾರ ನೋಡಲು ಬರುವವರಿಂದ ಈ ಮಂದಿಗೆ ಸಿಗುವುದೇನು? ಪ್ರವಾಸೋದ್ಯಮದ ಸಭೆಗಳಲ್ಲಿ ‘ಸ್ಥಳೀಯರ ಸಹಭಾಗಿತ್ವ’ ಎಂಬ ಮಾತು ಸಲೀಸಾಗಿ ಬರುತ್ತದೆ. ನಮ್ಮ ಸುತ್ತಲಿನ ಕಾಡುಗಳಲ್ಲಿ ಅದು ಒಂದೊಂದು ಕಡೆ ಒಂದೊಂದು ಥರ. ಭದ್ರಾವತಿಯಿಂದ ಭದ್ರಾ ಅಣೆಕಟ್ಟಿನ ಬಿ.ಆರ್.ಪಿ. ಮೇಲೆ ಲಕ್ಕವಳ್ಳಿಗೆ ಹೋದರೆ ಭದ್ರಾ ಹುಲಿ ಮೀಸಲು. ಹಿನ್ನೀರಿನಲ್ಲಿ ದೋಣಿ ಸಫಾರಿ, ದಡದಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನ ವಸತಿ. ಆ ಕಾಡಿನೊಳಗಿದ್ದ 419 ಕುಟುಂಬಗಳು 2001–02ರ ಹೊತ್ತಿಗೆ ಹೊರಬಂದವು, ಹೆಚ್ಚಿನವರು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ. ನೀರಾವರಿ ಜಮೀನು ಸಿಕ್ಕಿತು, ದೇಶದ ಮಾದರಿ ಪುನರ್ವಸತಿ ಎಂಬ ಹೆಸರೂ ಬಂತು. ಅದು ಬರೀ ಹೊಗಳಿಕೆಯಲ್ಲ. ಆದರೆ ಅಲ್ಲಿ ಸ್ಥಳೀಯರು ಕಾಡಿಗೆ ಕೊಟ್ಟ ಪಾಲೆಂದರೆ ತಮ್ಮ ಊರುಗಳೇ. ಶೆಟ್ಟಿಹಳ್ಳಿಯ ಕತೆ ಇನ್ನೊಂದು. ಶರಾವತಿಯಲ್ಲಿ ಮನೆಮಠ ಮುಳುಗಿ ಬಂದವರು ಈ ಕಾಡಿನಲ್ಲಿ ಬೇರೂರುವಷ್ಟರಲ್ಲಿ, 1974ರಲ್ಲಿ, ಅದು ಅಭಯಾರಣ್ಯವಾಯಿತು. ಪ್ರವಾಸಿಗಳಿಂದ ಅವರಿಗೆ ದಕ್ಕಿದ್ದು ಅಷ್ಟರಲ್ಲೇ ಇದೆ.

ಸಕ್ರೆಬೈಲಿನ ಮಂದಿ ಕಾಡಂಚಿನಲ್ಲೇ ಇದ್ದಾರೆ, ಅವರ ವಿದ್ಯೆಗೇ ಜನ ಬರುತ್ತಾರೆ. ಅದು ಪುಸ್ತಕ ಓದಿ ಕಲಿಯುವ ವಿದ್ಯೆಯಲ್ಲ. ಅಪ್ಪನ ಹಿಂದೆ, ದೊಡ್ಡಪ್ಪನ ಹಿಂದೆ ಕಾಡು ತಿರುಗಿ ಬರುವಂಥದ್ದು. ಹಾಗಿದ್ದೂ ಬೇಲಿಯ ಈಚೆ ನಿಂತವರಿಗೆ ಅದನ್ನು ವಿವರಿಸಲು ಅವರಿಗೆ ಅವಕಾಶ ಕಡಿಮೆ. ಆನೆಯ ಹೆಸರು ಕೇಳಿ, ಫೋಟೊ ಹೊಡೆದು, ಜನ ಹೊರಡುತ್ತಾರೆ. ಹಿರಿಯ ಮಾವುತರೇ ದಿನಕ್ಕೆ ಅರ್ಧ ಗಂಟೆ ಮಾತಾಡಲಿ, ಅದಕ್ಕೆ ಬೇರೆ ಟಿಕೆಟ್ ಇರಲಿ, ಆ ದುಡ್ಡು ಅವರ ಮನೆಗೇ ಹೋಗಲಿ. ಆನೆ ಸವಾರಿಗಿಂತ ಅದಕ್ಕೆ ಜನ ಹೆಚ್ಚು ಬರುತ್ತಾರೆಂದು ನನ್ನ ಲೆಕ್ಕ.

ಹೋಗುವುದಾದರೆ ಭಾನುವಾರ ಬೇಡ. ಮಳೆಗಾಲವಾದರೆ ಅದೇ ರಸ್ತೆಯಲ್ಲಿ ಮಂಡಗದ್ದೆಯವರೆಗೂ ಹೋಗಿಬನ್ನಿ. ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿಗಳು ಗೂಡು ಕಟ್ಟಿರುತ್ತವೆ.