ಹಾವು ಹಿಡಿಯುತ್ತಲೇ ವಿಜ್ಞಾನಿಯಾದವರು

ಸೌದೆ ಕೊಟ್ಟಿಗೆಯಲ್ಲಿ ಹತ್ತಡಿಯ ಕಾಳಿಂಗ ಸರ್ಪ. ಮನೆಯವರ ಕರೆಗೆ ಬಂದ ರಕ್ಷಕರು ಮೊದಲು ಜನರನ್ನು ದೂರ ಸರಿಸುತ್ತಾರೆ. ಕಪ್ಪು ಬಟ್ಟೆಯ ಚೀಲದ ಬಾಯಿಗೆ ಪೈಪ್ ತುಂಡು ಸಿಕ್ಕಿಸಿ ನೆಲಕ್ಕಿಟ್ಟು, ಕೊಕ್ಕೆಯಿಂದ ಹಾವನ್ನು ಮೆಲ್ಲಗೆ ಅತ್ತ ತಿರುಗಿಸುತ್ತಾರೆ. ಕತ್ತಲ ಬಿಲ ಕಂಡಂತಾಗಿ ಅದು ತಾನೇ ಒಳಗೆ ನುಸುಳುತ್ತದೆ. ಹೆಡೆ ಹಿಡಿದು ಫೋಟೊ ತೆಗೆಸಿಕೊಳ್ಳುವ ಆಟ ಇಲ್ಲಿಲ್ಲ.

ಕಾಳಿಂಗ ತಜ್ಞ ಪಿ. ಗೌರಿಶಂಕರ್ ಸಂಶೋಧನೆಗೆ ಬಂದದ್ದು ಈ ಕೆಲಸದ ದಾರಿಯಲ್ಲೇ. ಓದು ಮುಗಿಸಿ ಕಾಡು ಹುಡುಕಿ ಬರುವುದು ರೂಢಿ. ಇವರು ಹಾವು ರಕ್ಷಿಸುತ್ತ ಹೋಗಿ ಪಿಎಚ್.ಡಿ. ತಲುಪಿದರು.

ಒಂದು ಪ್ರಶ್ನೆ ಅವರ ಮೈಮೇಲೇ ಬಂತು. 2005ರಲ್ಲಿ ಕಾಳಿಂಗ ಕಚ್ಚಿದಾಗ ಥಾಯ್ಲೆಂಡ್‌ನ ಪ್ರತಿವಿಷ ಸರಿಯಾಗಿ ಕೆಲಸ ಮಾಡಲಿಲ್ಲ. ಅಲ್ಲಿನ ಕಾಳಿಂಗವೂ ಇಲ್ಲಿಯದೂ ಒಂದೇ ಹೌದೇ?

ಇನ್ನೊಂದು ಪ್ರಶ್ನೆ ಚೀಲ ಬಿಚ್ಚಿದ ಮೇಲಿನದು: ಬಿಟ್ಟ ಹಾವು ಎಲ್ಲಿಗೆ ಹೋಗುತ್ತದೆ? ಸರೀಸೃಪ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ 2008ರಿಂದ ಕಾಳಿಂಗಗಳ ಮೈಯೊಳಗೆ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು, ಆಂಟೆನಾ ಹಿಡಿದು ಬೆನ್ನುಹತ್ತಲಾಯಿತು. ಗೌರಿಶಂಕರ್ ಅದರಲ್ಲೂ ಪಾಲುಗೊಂಡರು. ಊರಿನದೇ ಹಾವು ತನ್ನ ಸರಹದ್ದಿನಲ್ಲಿ ಸುತ್ತಿದರೆ, ಬೇರೆಡೆಯಿಂದ ತಂದುಬಿಟ್ಟದ್ದು ನೆಲೆ ನಿಲ್ಲದೆ ದೂರ ದೂರ ಅಲೆಯಿತು. ‘ದೂರದ ಕಾಡಿಗೆ ಬಿಟ್ಟು ಬಂದೆವು’ ಎಂಬ ಸಮಾಧಾನವೇ ಅನುಮಾನಕ್ಕೀಡಾಯಿತು.

ಮೊದಲ ಪ್ರಶ್ನೆಗೆ ಉತ್ತರ ಸಿಗಲು ಹೆಚ್ಚು ಕಾಲ ಹಿಡಿಯಿತು. 2021ರಲ್ಲಿ ಗೌರಿಶಂಕರ್ ತಂಡದ ಡಿಎನ್ಎ ಅಧ್ಯಯನ ಪ್ರಕಟವಾಯಿತು. ಸಂಗ್ರಹಾಲಯಗಳ ಮಾದರಿಗಳನ್ನೂ ಹೋಲಿಸಿದ ಬಳಿಕ 2024ರಲ್ಲಿ ಸರೀಸೃಪ ತಜ್ಞರಾದ ಇಂದ್ರನೀಲ್ ದಾಸ್, ವೋಲ್ಫ್‌ಗ್ಯಾಂಗ್ ವೂಸ್ಟರ್ ಜೊತೆಗಿನ ಅವರ ಪ್ರಬಂಧ ಬಂತು. 1836ರಿಂದ ಒಂದೇ ಎಂದುಕೊಂಡಿದ್ದ ಕಾಳಿಂಗ ನಾಲ್ಕು ಪ್ರಭೇದಗಳಾಯಿತು. ಪಶ್ಚಿಮ ಘಟ್ಟದ್ದು ‘ಓಫಿಯೋಫ್ಯಾಗಸ್ ಕಾಳಿಂಗ’. ಬೆಳೆದ ಹಾವಿನ ಮೈಮೇಲೆ ನಲವತ್ತಕ್ಕಿಂತ ಕಡಿಮೆ ತಿಳಿಪಟ್ಟೆಗಳು. ಪಟ್ಟೆಗಳಿಗೆ ಕಪ್ಪು ಅಂಚಿಲ್ಲ.

ಇದು ಬರೀ ನಾಮಕರಣವಲ್ಲ. ಏಷ್ಯಾದುದ್ದಕ್ಕೂ ಹಬ್ಬಿದೆ ಎಂದುಕೊಂಡಿದ್ದ ಹಾವಿಗೆ ಈಗ ಈ ಘಟ್ಟಸಾಲೊಂದೇ ಮನೆ. ಇಲ್ಲಿ ಕಾಡು ಹೋದರೆ ಬೇರೆಲ್ಲೂ ಉಳಿಯದು. ಪ್ರತಿವಿಷದ ಲೆಕ್ಕಾಚಾರವನ್ನೂ ಹೊಸದಾಗಿ ಹಾಕಬೇಕು.

ಕೇಳಬೇಕಾದ ಪ್ರಶ್ನೆ ಯಾವುದೆಂಬುದು ಹಾವಿನ ಹತ್ತಿರ ನಿಂತವರಿಗೆ ಮೊದಲು ಹೊಳೆಯುತ್ತದೆ. ಉತ್ತರಿಸುವ ಕ್ರಮವನ್ನು ಮಾತ್ರ ಕುಳಿತು ಕಲಿಯಬೇಕು. ಇಂದು ಊರೂರಲ್ಲಿ ಹಾವು ಹಿಡಿಯುವ ಯುವಕರಿದ್ದಾರೆ. ಸಿಕ್ಕ ಜಾಗ, ಉದ್ದ, ಗಂಡೋ ಹೆಣ್ಣೋ, ಕಾಳಿಂಗ ನುಂಗಿ ಕಕ್ಕಿದ್ದು ಕೇರೆಯೋ ನಾಗರವೋ ಎಂಬುದನ್ನು ಅವರು ಬರೆದಿಡಲು ಶುರುಮಾಡಿದರೆ ಸಂಶೋಧನೆಯ ಅರ್ಧ ಕೆಲಸ ಅಲ್ಲೇ ಆದಂತೆ.