ನಾವಿಕನ ಪಟ, ರೇಷ್ಮೆಯ ಎಳೆ

ಕಪ್ಪು ಸ್ಯಾಟಿನ್ ಬಟ್ಟೆಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಅದರ ಕಾಲಡಿಗೆ ಅಮೆರಿಕದ ಬಾವುಟವೂ ಜಪಾನಿನ ಬಾವುಟವೂ ಕತ್ತರಿಯಾಕಾರದಲ್ಲಿ ಕೂಡಿವೆ. ಕೆಳಗೊಂದು ಲಂಗರು. ನಟ್ಟನಡುವೆ, ನೀರಿಗೆ ಬಿದ್ದವರಿಗೆ ಎಸೆಯುವ ತೇಲುಬಳೆಯಂಥ ಒಂದು ಸುತ್ತು, ಅದರೊಳಗೆ ಸಮವಸ್ತ್ರ ತೊಟ್ಟ ಹುಡುಗನೊಬ್ಬನ ಫೋಟೊ. ಫೋಟೊ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ರೇಷ್ಮೆಯ ಕಸೂತಿ. ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಜಪಾನ್, ಚೀನಾದ ಬಂದರುಗಳಲ್ಲಿ ಇಂಥ ಪಟಗಳನ್ನು ನಾವಿಕರಿಗಾಗಿಯೇ ಮಾಡಿಕೊಡುತ್ತಿದ್ದರು. ಅವುಗಳ ಪರಿಚಯ ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಆಗಲೇಬೇಕು, ಏಕೆಂದರೆ ಆ ಪಟದ ಅರ್ಧ ಕಥೆ ನಮ್ಮ ರೇಷ್ಮೆ ಕಸುಬಿನದು. ಉಳಿದರ್ಧ ನಾವಿಕರದು, ಮೊದಲು ಅದನ್ನೇ ನೋಡೋಣ.

1907ರ ಡಿಸೆಂಬರ್ 16ರಂದು ಅಮೆರಿಕದ 16 ಯುದ್ಧನೌಕೆಗಳು ಹ್ಯಾಂಪ್ಟನ್ ರೋಡ್ಸ್ ಬಂದರಿನಿಂದ ಲೋಕ ಸುತ್ತಲು ಹೊರಟವು. ಮೈಗೆಲ್ಲ ಬಿಳಿ ಬಣ್ಣ, ಮೂತಿಗೆ ಚಿನ್ನದ ಬಣ್ಣದ ಚಿತ್ತಾರ. ಆ ಬಿಳುಪಿನಿಂದಲೇ ಮುಂದೆ ‘ಗ್ರೇಟ್ ವೈಟ್ ಫ್ಲೀಟ್’ ಎಂಬ ಹೆಸರು ಬಂತು. ಸುಮಾರು 14,000 ಜನ ನಾವಿಕರು, 14 ತಿಂಗಳ ಪಯಣ. ದಕ್ಷಿಣ ಅಮೆರಿಕವನ್ನು ಬಳಸಿ, ಆಕ್ಲೆಂಡ್, ಸಿಡ್ನಿ, ಮೆಲ್ಬರ್ನ್, ಮನಿಲಾ ದಾಟಿ, 1908ರ ಅಕ್ಟೋಬರ್ 18ರಂದು ಅವು ಜಪಾನಿನ ಯೊಕೊಹಾಮಾ ತಲುಪಿದವು. ಡಿಸೆಂಬರಿನಲ್ಲಿ ನಮ್ಮ ಪಕ್ಕದ ಕೊಲಂಬೊದಲ್ಲೂ ಒಂದು ವಾರ ನಿಂತವು.

ಯೊಕೊಹಾಮಾದ ಭೇಟಿ ಹೇಳಿದಷ್ಟು ಸಲೀಸಾಗಿರಲಿಲ್ಲ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಪಾನಿ ಮಕ್ಕಳನ್ನು ಬೇರೆ ಶಾಲೆಗೆ ದೂಡಲು ಹೊರಟಿದ್ದರಿಂದ ಎರಡು ದೇಶಗಳ ನಡುವೆ ಯುದ್ಧದ ಮಾತೇ ಎದ್ದಿತ್ತು. ನಂಬಿಕಸ್ಥರನ್ನು ಮಾತ್ರ ದಡಕ್ಕೆ ಬಿಡಿ ಎಂದು ಅಧ್ಯಕ್ಷ ರೂಸ್‌ವೆಲ್ಟ್ ಮೊದಲೇ ತಾಕೀತು ಮಾಡಿದ್ದರು. ಆದರೆ ದಡದಲ್ಲಿ ಕಾದಿದ್ದವರು ಬಾವುಟ ಬೀಸುವ ಶಾಲಾಮಕ್ಕಳು. ಆ ಒಂದು ವಾರದ ಮರ್ಯಾದೆ ಎರಡೂ ಕಡೆಯ ಸಿಟ್ಟನ್ನು ಎಷ್ಟೋ ತಗ್ಗಿಸಿತು. ಎರಡು ಬಾವುಟಗಳನ್ನು ಒಟ್ಟಿಗೆ ಕಸೂತಿ ಹಾಕಿದ ಪಟವನ್ನು ಆ ಹಿನ್ನೆಲೆಯಲ್ಲಿಟ್ಟು ನೋಡಿದರೆ ಅದರ ತೂಕ ತಿಳಿಯುತ್ತದೆ.

ಇನ್ನು ಕೆಲಸದ ಬಗೆ. ಕಸೂತಿಯಾದರೂ ಹದ್ದಿನ ಎದೆ ಬಟ್ಟೆಯಿಂದ ಉಬ್ಬಿ ನಿಂತಿರುತ್ತದೆ. ಮೊದಲು ಹತ್ತಿಯನ್ನು ತುಂಬಿ ಆಕಾರ ಕೊಟ್ಟು, ಅದರ ಮೇಲೆ ರೇಷ್ಮೆಯನ್ನು ಹಾಸಿ ಹೊಲಿಯುತ್ತಿದ್ದರು. ಹೊಳಪಿನ ಗುಟ್ಟು ಹುರಿಯಲ್ಲಿದೆ. ಸೀರೆಯ ಹುರಿಗೆ ಎಳೆಗಳನ್ನು ಬಿಗಿಯಾಗಿ ಹೊಸೆಯುತ್ತೇವೆ, ಬಾಳಿಕೆ ಬರಬೇಕಲ್ಲ. ಜಪಾನಿನ ಕಸೂತಿಯವರು ಬಹುಪಾಲು ಹುರಿಯಿಲ್ಲದ ಚಪ್ಪಟೆ ರೇಷ್ಮೆಯನ್ನೇ ಬಳಸುತ್ತಾರೆ. ಎಳೆಗಳು ಒಂದರ ಪಕ್ಕ ಒಂದು ನೇರವಾಗಿ ಮಲಗುವುದರಿಂದ ಬೆಳಕು ಹೆಚ್ಚು ಒಡೆಯದೆ ಹಿಂದಿರುಗುತ್ತದೆ. ಅಂಥ ಎಳೆ ಬೆರಳಿನ ಒರಟಿಗೆ ಸಿಕ್ಕರೂ ಮುಳ್ಳೇಳುತ್ತದೆ, ಹಾಗಾಗಿ ನುರಿತ ಕೈಯೇ ಬೇಕು. ಅವರ ಚಿನ್ನದ ದಾರವೂ ನಮ್ಮ ಜರಿಯಂತಲ್ಲ. ನಮ್ಮಲ್ಲಿ ಚಿನ್ನದ ಲೇಪವಿರುವ ಬೆಳ್ಳಿಯ ತಂತಿಯನ್ನು ಚಪ್ಪಟೆ ಮಾಡಿ ರೇಷ್ಮೆಗೆ ಸುತ್ತಿದರೆ, ಅಲ್ಲಿ ಚಿನ್ನದ ರೇಕು ಅಂಟಿಸಿದ ಕಾಗದವನ್ನು ಸಣ್ಣಗೆ ಸೀಳಿ ಸುತ್ತುತ್ತಾರೆ.

ಇದಕ್ಕೂ ಹಿಂದಿನ ದುಡಿಮೆಯನ್ನು ಶಿಡ್ಲಘಟ್ಟದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಿಪ್ಪುನೇರಳೆ ಸೊಪ್ಪು ಹಾಕಿ, ನಾಲ್ಕು ಜ್ವರ ಎಬ್ಬಿಸಿ, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರುಕಟ್ಟೆಗೆ ತಂದರೆ ಅಲ್ಲಿಂದ ರೀಲರುಗಳ ಪಾಳಿ. ಬಿಸಿನೀರಿನ ಬೇಸಿನ್ನಿನ ಮುಂದೆ ಕೂತು, ಹಲವು ಗೂಡುಗಳ ಎಳೆಯ ತುದಿ ಹುಡುಕಿ ಒಂದು ನೂಲು ಮಾಡುವ ಆ ಕೈಗಳ ಚರ್ಮ ಬಿಳಿಚಿ ನೆನೆದುಹೋಗಿರುತ್ತದೆ. ದ್ವಿತಳಿ ಗೂಡಾದರೆ ಒಂದೊಂದರಲ್ಲೂ ಸಾವಿರ ಮೀಟರಿನ ಆಸುಪಾಸು ಎಳೆ. ಜಪಾನಿನಲ್ಲೂ ಈ ಕೆಲಸ ಹೆಚ್ಚಾಗಿ ಹಳ್ಳಿಯ ಹೆಣ್ಣುಮಕ್ಕಳದೇ ಆಗಿತ್ತು. ಯೊಕೊಹಾಮಾದಿಂದ ಅವರ ಕಚ್ಚಾ ರೇಷ್ಮೆ ಹಡಗು ಹಡಗಾಗಿ ಅಮೆರಿಕದ ಗಿರಣಿಗಳಿಗೆ ಹೋಗುತ್ತಿತ್ತು. ಪಟದ ಮೇಲೆ ನಾವಿಕನ ಹೆಸರಿದೆ, ಹಡಗಿನ ಹೆಸರಿದೆ, ಬಂದರಿನ ಹೆಸರಿದೆ. ನೂಲು ಬಿಚ್ಚಿದವಳದಿಲ್ಲ, ಹೊಲಿದವರದಿಲ್ಲ. ನನಗೆ ಇದು ಸಣ್ಣ ಕೊರತೆಯಾಗಿ ಕಾಣುವುದಿಲ್ಲ.

ಆ ಕಾಲಕ್ಕೇ ಜಪಾನಿನ ವಿದ್ಯೆ ಮೈಸೂರು ಸೀಮೆಗೂ ಬಂದಿತ್ತು. 1893ರಲ್ಲಿ ಜಪಾನಿಗೆ ಹೋಗಿದ್ದ ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿ, ಜಪಾನಿನಿಂದ ತಜ್ಞರನ್ನು ಕರೆಸಿ ನಮ್ಮವರಿಗೆ ಹುಳು ಸಾಕುವ, ನೂಲು ಬಿಚ್ಚುವ ಹೊಸ ಕ್ರಮ ಕಲಿಸಿದರು. ಬಸವನಗುಡಿಯ ಕಡೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಈಗಲೂ ಉಳಿದಿದೆ. ಮತ್ತೆ 1991ರಿಂದ ಜಪಾನಿನ ಸಹಕಾರದಲ್ಲಿ ನಡೆದ ದ್ವಿತಳಿ ಯೋಜನೆ ಬಿಳಿ ಗೂಡನ್ನು ನಮ್ಮ ರೈತರ ಮನೆಗಳಲ್ಲಿ ಬೇರೂರಿಸಿತು.

ನಾವಿಕರ ಆ ಪಟಗಳು ಈಗ ವಿದೇಶದ ವಸ್ತುಸಂಗ್ರಹಾಲಯಗಳಲ್ಲಿ, ಹಳೆ ನಾವಿಕರ ವಂಶದವರ ಮನೆಗಳಲ್ಲಿ ಇವೆ. ಬಿಸಿಲು ಬಿದ್ದ ಕಡೆ ರೇಷ್ಮೆ ಪುಡಿಯಾಗುತ್ತದೆ, ಮಡಿಕೆ ಬಿದ್ದ ಕಡೆ ಸೀಳುತ್ತದೆ. ಅಜ್ಜಿಯ ಧಾರೆ ಸೀರೆಯನ್ನು ಆಗಾಗ ಮಡಿಕೆ ಬದಲಿಸಿ ಇಡುವವರಿಗೆ ಇದರ ಕಾರಣ ಗೊತ್ತು.

ವಿದುರಾಶ್ವತ್ಥದ ವೀರಸೌಧವನ್ನು ನೋಡಿದವರಿಗೆ, ಸಣ್ಣ ಊರೂ ತನ್ನ ನೆನಪನ್ನು ಎಷ್ಟು ಗೌರವದಿಂದ ಕಾಪಾಡಬಲ್ಲದು ಎಂಬುದು ತಿಳಿದೇ ಇರುತ್ತದೆ. 1938ರ ಏಪ್ರಿಲ್ 25ರಂದು ಸ್ವಾತಂತ್ರ್ಯ ಹೋರಾಟದ ಬಾವುಟಕ್ಕಾಗಿ ಗುಂಡಿಗೆ ಎದೆಯೊಡ್ಡಿದವರ ನೆನಪು ಅಲ್ಲಿದೆ. ಶಿಡ್ಲಘಟ್ಟದಲ್ಲೂ ರೇಷ್ಮೆಯವರ ನೆನಪಿಗೆ ಅಂಥದೊಂದು ಮನೆ ಬೇಕು ಎಂಬುದು ನನ್ನ ಆಸೆ. ಹಳೆಯ ಚರಕ, ಬಿದಿರಿನ ಚಂದ್ರಿಕೆ, ಬೇಸಿನ್ನು, ನೂಲಿನ ಲಡಿಗಳ ಜೊತೆಗೆ ಯೊಕೊಹಾಮಾದ ಇಂಥದೊಂದು ಪಟವನ್ನೂ ತರಿಸಿ ಇಡಬೇಕು. ಅದರ ಪಕ್ಕದ ಫಲಕದಲ್ಲಿ, ಬದುಕಿಡೀ ಬೇಸಿನ್ನಿನ ಮುಂದೆ ಕೂತ ನಮ್ಮೂರ ಹೆಂಗಸರ ಹೆಸರುಗಳನ್ನು, ಅವರ ಒಪ್ಪಿಗೆ ಪಡೆದು, ಪೂರ್ತಿಯಾಗಿ ಬರೆಸಬೇಕು.